ಅಂಗಡಿ, ಹೋಟೆಲು, ಆಫೀಸುಗಳಲ್ಲಿ ಬೆಂಕಿ ಹತ್ತುವುದು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಟ್ಟಡಗಳ ವೈರಿಂಗ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಬೆಂಗಳೂರಿನ ಪೇಟೆ ಬೀದಿಗಳಲ್ಲಿ ಓಡಾಡುವಾಗ ಅಂಗಡಿ ಮಾಲೀಕರು, ಅಡುಗೆ ಭಟ್ಟರು, ಕ್ಯಾಶಿಯರ್‌ಗಳು, ಸೆಕ್ಯುರಿಟಿಯವರು ನಿಲ್ಲಿಸಿ ಕೇಳುತ್ತಾರೆ. ಫೋನಿನಲ್ಲೂ ಕೇಳುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟಿದ್ದೇನೆ. ಸುಲಭದ್ದು ಮೊದಲು, ಸ್ವಲ್ಪ ತಾಂತ್ರಿಕವಾದದ್ದು ಆಮೇಲೆ.

## ಕರೆಂಟಿನ ಪ್ರಶ್ನೆಗಳು

ಪೇಪರಲ್ಲಿ ಯಾವಾಗ್ಲೂ ‘ಶಾರ್ಟ್ ಸರ್ಕ್ಯೂಟ್’ ಅಂತಾನೇ ಬರುತ್ತಲ್ಲ, ನಿಜವಾಗ್ಲೂ ಅದೇ ಕಾರಣಾನಾ?

ಕರೆಂಟಿನಿಂದ ಹತ್ತುವ ಬೆಂಕಿ ತುಂಬಾ ಇದೆ, ಅದು ನಿಜ. ಆದರೆ ‘ಶಾರ್ಟ್ ಸರ್ಕ್ಯೂಟ್’ ಅಂದುಬಿಟ್ಟರೆ ವಿಚಾರಣೆ ಅಲ್ಲಿಗೇ ನಿಂತುಹೋಗುತ್ತದೆ. ಫೇಸ್ ಮತ್ತು ನ್ಯೂಟ್ರಲ್ ತಂತಿ ಒಂದಕ್ಕೊಂದು ನೇರವಾಗಿ ತಾಗಿದರೆ ಶಾರ್ಟ್. ಸರಿಯಾದ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಇದ್ದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಟ್ರಿಪ್ ಆಗುತ್ತದೆ. ಹಾಗಾದರೆ ತಂತಿಯ ಮೇಲಿನ ಪ್ಲಾಸ್ಟಿಕ್ ಕರಗಿ ಎರಡು ತಂತಿ ತಾಗಿದ್ದು ಹೇಗೆ? ಅದು ತಿಂಗಳುಗಟ್ಟಲೆ ಬಿಸಿಯಾಗುತ್ತಿತ್ತು, ಅದಕ್ಕೆ. ನಾವು ಕೇಳಬೇಕಾದ್ದು ಆ ಬಿಸಿ ಎಲ್ಲಿಂದ ಬಂತು ಅಂತ.

ಕಳೆದ ವರ್ಷ ಒಂದು ಸೀರೆ ಅಂಗಡಿಯಲ್ಲಿ ಮಾಲೀಕರು ‘ಎರಡು ದಿನದಿಂದ ಕೊಳೆತ ಮೀನಿನ ವಾಸನೆ, ಎಲ್ಲೋ ಇಲಿ ಸತ್ತಿರಬೇಕು’ ಅಂದರು. ಬೀರುಗಳನ್ನೆಲ್ಲ ಸರಿಸಿ ಹುಡುಕಿದ್ದರಂತೆ. ನಾನು ಎಸಿಯ ಸಾಕೆಟ್ ಬಿಚ್ಚಿದೆ. ಒಳಗಿನ ಒಂದು ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು. ಸುತ್ತಲಿನ ಬಿಳಿ ಪ್ಲಾಸ್ಟಿಕ್ ಹುರಿದ ಕಡಲೆಯ ಬಣ್ಣಕ್ಕೆ ಬಂದಿತ್ತು. ತಂತಿಯ ತುದಿ ಮುಟ್ಟಿದರೆ ಪುಡಿಪುಡಿ. ಆ ವಾಸನೆ ಇಲಿಯದ್ದಲ್ಲ, ಬೇಯುತ್ತಿದ್ದ ಪ್ಲಾಸ್ಟಿಕ್ಕಿನದು. ಸಾಕೆಟಿನಿಂದ ಒಂದು ಗೇಣು ದೂರದಲ್ಲಿ ಸಿಂಥೆಟಿಕ್ ಸೀರೆಗಳ ರಾಶಿ ಇತ್ತು.

ಎಂಸಿಬಿ ಹಾಕ್ಸಿದೀವಿ, ಇನ್ನೇನು ಭಯ?

ಎಂಸಿಬಿಗೆ ಕಾಣುವುದು ಕರೆಂಟಿನ ಪ್ರಮಾಣ ಮಾತ್ರ. ಸಡಿಲವಾದ ಸ್ಕ್ರೂ ಅದಕ್ಕೆ ಕಾಣುವುದಿಲ್ಲ. ಒಂದು ಲೆಕ್ಕ ನೋಡಿ. ಸಡಿಲ ಜಾಗದಲ್ಲಿ ಬರೀ 1 ಓಮ್ ಅಡ್ಡಿ ಇದೆ, 10 ಆಂಪಿಯರ್ ಹರಿಯುತ್ತಿದೆ ಅಂದುಕೊಳ್ಳಿ. ಅಲ್ಲಿ 100 ವ್ಯಾಟ್ ಬಿಸಿ ಹುಟ್ಟುತ್ತದೆ. ಹಳೆಯ ನೂರರ ಬಲ್ಬಿನಷ್ಟು ಬಿಸಿ, ಅದೂ ಕಡಲೆಬೀಜದಷ್ಟು ಜಾಗದಲ್ಲಿ. 16 ಆಂಪಿಯರ್ ಎಂಸಿಬಿಯ ಪಾಲಿಗೆ ಎಲ್ಲ ಸರಿಯಾಗೇ ಇದೆ.

ಇನ್ನೊಂದು ಅಭ್ಯಾಸ ನನಗೆ ತುಂಬಾ ಸಂಕಟ ಕೊಡುತ್ತದೆ. ಎಂಸಿಬಿ ಪದೇ ಪದೇ ಬೀಳುತ್ತದೆ ಅಂತ 16 ಆಂಪಿಯರಿನದನ್ನು ತೆಗೆದು 32 ಹಾಕಿಸುವುದು. ತಂತಿ ಮಾತ್ರ ಹಳೆಯದೇ. ಈಗ ಎಂಸಿಬಿ ಬೀಳುವ ಮೊದಲು ಗೋಡೆಯೊಳಗಿನ ತಂತಿ ಬೇಯುತ್ತದೆ. ಸಾಮಾನ್ಯ ಪಿವಿಸಿ ತಂತಿಯ ಹೊದಿಕೆ ತಡೆಯುವುದು 70 ಡಿಗ್ರಿಯವರೆಗೆ. ಎಂಸಿಬಿ ಬೀಳುತ್ತಿದ್ದರೆ ಲೋಡ್ ಕಡಿಮೆ ಮಾಡಿ, ಇಲ್ಲವೇ ದಪ್ಪ ತಂತಿಯ ಹೊಸ ಲೈನ್ ಎಳೆಸಿ. ಜೊತೆಗೆ ಆರ್‌ಸಿಸಿಬಿ ಹಾಕಿಸಿ. ತಂತಿಯಿಂದ ಗೋಡೆಗೋ ಕಬ್ಬಿಣಕ್ಕೋ ಸೋರುವ ಕರೆಂಟನ್ನು ಹಿಡಿಯುವುದು ಅದೇ.

ಒಂದೇ ಪ್ಲಗ್ ಪಾಯಿಂಟ್ ಇದೆ, ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿದ್ರೆ ತಪ್ಪೇನು?

ಮೊಬೈಲ್ ಚಾರ್ಜರ್, ಬಿಲ್ಲಿಂಗ್ ಮೆಷಿನ್, ಕಂಪ್ಯೂಟರಿಗೆ ತೊಂದರೆಯಿಲ್ಲ. ಹೀಟರ್, ಕೆಟಲ್, ಇಸ್ತ್ರಿಪೆಟ್ಟಿಗೆ, ಎಸಿ ಬೇಡವೇ ಬೇಡ. ಬಾಕ್ಸಿಗೆ ಇನ್ನೊಂದು ಬಾಕ್ಸ್ ಚುಚ್ಚಬೇಡಿ. ಅದರ ವೈರನ್ನು ಕಾರ್ಪೆಟ್ ಕೆಳಗೆ ಹಾಯಿಸಬೇಡಿ, ಸುರುಳಿ ಸುತ್ತಿಟ್ಟು ದೊಡ್ಡ ಲೋಡ್ ಎಳೆಯಬೇಡಿ. ಎರಡರಲ್ಲೂ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲ.

ಅಂಗಡಿ ಮುಚ್ಚಿ ಮನೆಗೆ ಹೋದ್ಮೇಲೆ ಬೆಂಕಿ ಹತ್ತೋದು ಹೇಗೆ? ಒಳಗೆ ಯಾರೂ ಇರಲ್ವಲ್ಲ?

ಯಾರೂ ಇರುವುದಿಲ್ಲ ಅನ್ನುವುದೇ ತೊಂದರೆ. ಹಗಲಿನಲ್ಲಾದರೆ ಹೊಗೆಯ ಮೊದಲ ಎಳೆಗೇ ಯಾರೋ ಕೂಗುತ್ತಾರೆ. ರಾತ್ರಿ ಅದು ಶಟರ್ ಹಿಂದೆ ಮೆಲ್ಲಗೆ ಬೆಳೆಯುತ್ತದೆ. ಹೊಗೆ ಬೀದಿಗೆ ಕಾಣುವ ಹೊತ್ತಿಗೆ ಒಳಗೆ ಮುಗಿದಿರುತ್ತದೆ. ಫ್ರಿಜ್, ಯುಪಿಎಸ್, ಬೋರ್ಡಿನ ಲೈಟ್, ಚಾರ್ಜರ್ ಎಲ್ಲ ಓಡುತ್ತಲೇ ಇರುತ್ತವೆ.

ದೇವರ ದೀಪವನ್ನೂ ಮರೆಯಬೇಡಿ. ಸಂಜೆ ಹಚ್ಚಿದ ದೀಪ, ಊದುಬತ್ತಿ ಹಾಗೇ ಉರಿಯುತ್ತಿರುತ್ತದೆ. ದೇವರ ಪಟಕ್ಕೆ ಒಣಗಿದ ಹೂವಿನ ಹಾರ, ಪಕ್ಕದಲ್ಲಿ ಲೆಕ್ಕದ ಪುಸ್ತಕ. ನಿಮ್ಮ ಭಕ್ತಿಗೆ ನಾನು ಅಡ್ಡ ಬರುವುದಿಲ್ಲ. ದೀಪವನ್ನು ಹಿತ್ತಾಳೆ ತಟ್ಟೆಯೊಳಗಿಡಿ, ಶಟರ್ ಎಳೆಯುವ ಮೊದಲು ಶಾಂತ ಮಾಡಿ. ಆಯುಧಪೂಜೆ ದಿನ ಇದನ್ನು ಎರಡು ಸಲ ನೋಡಿ. ಫ್ರಿಜ್ಜಿಗೂ ಸಿಸಿ ಕ್ಯಾಮೆರಾಕ್ಕೂ ಪ್ರತ್ಯೇಕ ಲೈನ್ ಮಾಡಿಸಿದರೆ ಉಳಿದದ್ದಕ್ಕೆಲ್ಲ ಮೇನ್ ಆಫ್ ಮಾಡಿ ಹೋಗಬಹುದು. ಅದಕ್ಕೆ ಅಂಥ ದೊಡ್ಡ ಖರ್ಚೂ ಆಗುವುದಿಲ್ಲ.

## ಅಡುಗೆಮನೆ

ನಮ್ದು ಚಿಕ್ಕ ದರ್ಶಿನಿ. ಯಾವುದಕ್ಕೆ ಜಾಸ್ತಿ ಹೆದರಬೇಕು?

ಎಣ್ಣೆ ಬಾಣಲೆಗೆ, ಅದಕ್ಕಿಂತ ಹೆಚ್ಚಾಗಿ ತಲೆಯ ಮೇಲಿನ ಚಿಮಣಿ ಕೊಳವೆಗೆ. ಬಾಣಲೆ ಕಣ್ಣೆದುರಿಗಿದೆ, ಕೊಳವೆಯ ಒಳಗೆ ಯಾರೂ ನೋಡುವುದಿಲ್ಲ. ಒಮ್ಮೆ ಒಂದು ಹೋಟೆಲಿನಲ್ಲಿ ಚಿಮಣಿಯ ಒಳಗೋಡೆಗೆ ಸ್ಕ್ರೂಡ್ರೈವರ್ ಹಾಕಿ ಕೆರೆದೆ. ಜೋನಿಬೆಲ್ಲದ ಹಾಗೆ ಅಂಟಾದ ಕಪ್ಪು ಜಿಡ್ಡು ಬೆರಳಿನ ದಪ್ಪಕ್ಕೆ ಬಂತು. ವಡೆ, ಬೋಂಡ, ಪೂರಿ ಕರಿದಾಗ ಮೇಲೆ ಹೋದ ಎಣ್ಣೆಯ ಆವಿ ತಣ್ಣಗಾಗಿ ಕೂತದ್ದು ಅದು. ಬಾಣಲೆಯಿಂದ ಒಂದು ಜ್ವಾಲೆ ಮೇಲೆದ್ದರೆ ಆ ಜಿಡ್ಡು ಹೊತ್ತಿಕೊಳ್ಳುತ್ತದೆ. ಎಕ್ಸಾಸ್ಟ್ ಫ್ಯಾನ್ ಗಾಳಿ ಎಳೆದು ಬೆಂಕಿಯನ್ನು ಮೇಲಿನ ಮಹಡಿಗೆ ಮುಟ್ಟಿಸುತ್ತದೆ. ದಿನವಿಡೀ ಕರಿಯುವ ಜಾಗವಾದರೆ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯಿರಿ. ಕೊಳವೆಯನ್ನು ಕೆಲವು ತಿಂಗಳಿಗೊಮ್ಮೆ ಪೂರ್ತಿ ಬಿಚ್ಚಿ ಕೆರೆಸಿ.

ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ನೀರು ಎಣ್ಣೆಯ ತಳಕ್ಕೆ ಇಳಿದು ಆವಿಯಾಗುತ್ತದೆ. ಆವಿಯಾದ ನೀರು ಸುಮಾರು 1,700 ಪಟ್ಟು ಹಿಗ್ಗುತ್ತದೆ. ಉರಿಯುವ ಎಣ್ಣೆಯನ್ನೆಲ್ಲ ಅದು ಚಾವಣಿಗೆ ಎಸೆಯುತ್ತದೆ. ಒಲೆ ಆರಿಸಿ, ಪಕ್ಕದಿಂದ ಜಾರಿಸಿ ದೊಡ್ಡ ತಟ್ಟೆಯನ್ನೋ ಮುಚ್ಚಳವನ್ನೋ ಮುಚ್ಚಿ, ಪೂರ್ತಿ ತಣ್ಣಗಾಗುವ ತನಕ ತೆರೆಯಬೇಡಿ. ಅಡುಗೆ ಎಣ್ಣೆಗೆಂದೇ ‘ಎಫ್’ ಅಥವಾ ‘ಕೆ’ ವರ್ಗದ ಬೆಂಕಿ ಆರಿಸುವ ಸಿಲಿಂಡರ್ ಸಿಗುತ್ತದೆ. ಅದನ್ನು ಒಲೆಯ ಪಕ್ಕದಲ್ಲಿ ಬೇಡ, ಅಡುಗೆಮನೆಯ ಬಾಗಿಲ ಹತ್ತಿರ ನೇತುಹಾಕಿ.

ಗ್ಯಾಸ್ ವಾಸನೆ ಬಂದ್ರೆ ಎಕ್ಸಾಸ್ಟ್ ಫ್ಯಾನ್ ಹಾಕಬಹುದಾ?

ಬೇಡ. ಸ್ವಿಚ್ಚಿನ ಒಳಗೆ ಹಾರುವ ಚಿಕ್ಕ ಕಿಡಿಯೇ ಸಾಕು. ಆನ್ ಇರುವುದನ್ನು ಆಫ್ ಕೂಡ ಮಾಡಬೇಡಿ. ಸಿಲಿಂಡರ್ ವಾಲ್ವ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕಳಿಸಿ. ಅಡುಗೆ ಅನಿಲ ಗಾಳಿಗಿಂತ ಭಾರ. ಅದು ನೆಲಕ್ಕೆ ಇಳಿದು ನೀರಿನಂತೆ ಹರಡಿ ಮೋರಿಯಲ್ಲಿ, ಬೇಸ್‌ಮೆಂಟಿನಲ್ಲಿ ಕೂರುತ್ತದೆ. ಹಾಗಾಗಿ ಸಿಲಿಂಡರುಗಳನ್ನು ಬೇಸ್‌ಮೆಂಟಿನಲ್ಲಿ ಇಡಲೇಬಾರದು. ಮಹಡಿಯ ಮೇಲೂ ರಾಶಿ ಹಾಕಬಾರದು. 2023ರ ಅಕ್ಟೋಬರಿನಲ್ಲಿ ಕೋರಮಂಗಲದ ಒಂದು ಕಟ್ಟಡದ ಮೇಲಿದ್ದ ಕೆಫೆಗೆ ಬೆಂಕಿ ಬಿದ್ದಾಗ ಸಿಲಿಂಡರುಗಳು ಸಿಡಿದವು, ಒಬ್ಬರು ಮೇಲಿನಿಂದ ಕೆಳಕ್ಕೆ ಜಿಗಿದರು. 19 ಕೆ.ಜಿ. ಸಿಲಿಂಡರ್ ಎಷ್ಟು ಬೇಕೋ ಅಷ್ಟೇ ಇರಲಿ, ಹೊರಗಡೆ ಗಾಳಿಯಾಡುವ ಜಾಗದಲ್ಲಿರಲಿ, ಪೈಪಿನಲ್ಲಿ ಒಳಗೆ ಬರಲಿ. ರಬ್ಬರ್ ಟ್ಯೂಬ್ ಬಿರುಕು ಬಿಟ್ಟಿದೆಯಾ ಅಂತ ಬಗ್ಗಿಸಿ ನೋಡಿ.

## ಸರಕು, ರಿಪೇರಿ, ಬ್ಯಾಟರಿ

ನಮ್ಮದು ಬಟ್ಟೆ ಅಂಗಡಿ. ಗ್ಯಾಸೂ ಇಲ್ಲ, ಎಣ್ಣೆನೂ ಇಲ್ಲ. ನಮಗ್ಯಾಕೆ ಬೆಂಕಿ?

ಬೆಂಕಿಗೆ ಬೇಕಾದ ಊಟವೆಲ್ಲ ನಿಮ್ಮಲ್ಲೇ ಇದೆ. ಬಟ್ಟೆ, ರಟ್ಟಿನ ಡಬ್ಬ, ಪ್ಲಾಸ್ಟಿಕ್ ಕವರ್, ಥರ್ಮೋಕೋಲ್, ಫೋಮ್. ಚಾವಣಿಯ ತನಕ ಸರಕು ಜೋಡಿಸಿ ಲೈಟಿಗೆ ತಾಗಿಸಿದರೆ ಲೈಟಿನ ಬಿಸಿ ಸರಕಿಗೇ ಹೋಗುತ್ತದೆ. ನಾನು ಅಂಗಡಿಗೆ ಹೋದರೆ ಮೊದಲು ನೋಡುವುದು ಮೆಟ್ಟಿಲ ಕೆಳಗೆ. ಸಾಮಾನ್ಯವಾಗಿ ಮೀಟರ್ ಬೋರ್ಡ್ ಅಲ್ಲೇ ಇರುತ್ತದೆ, ಖಾಲಿ ಡಬ್ಬಗಳನ್ನು ತುರುಕುವುದೂ ಅಲ್ಲೇ. ಕಿಡಿ ಬೀಳುವ ಜಾಗ, ಸುಡುವ ವಸ್ತು, ತಪ್ಪಿಸಿಕೊಳ್ಳುವ ದಾರಿ ಮೂರೂ ಒಂದೇ ಕಡೆ. ಮೀಟರ್ ಬೋರ್ಡಿನ ಮುಂದೆ ಒಂದು ಮೀಟರ್ ಜಾಗ ಖಾಲಿ ಇಡಿ.

ಅಂಗಡಿ ರಿನೋವೇಶನ್ ನಡೀತಿದೆ, ವೆಲ್ಡಿಂಗ್ ಇದೆ. ಒಂದು ಗಂಟೆ ಕೆಲಸ ಅಷ್ಟೇ, ಏನಾಗುತ್ತೆ?

ಆ ಒಂದು ಗಂಟೆಯೇ ಸಾಕು. 2024ರ ಮೇ 25ರಂದು ಗುಜರಾತಿನ ರಾಜಕೋಟ್‌ನ ಗೇಮ್ ಜೋನ್‌ನಲ್ಲಿ ವೆಲ್ಡಿಂಗ್ ಕಿಡಿಯಿಂದ ಹತ್ತಿದ ಬೆಂಕಿ 27 ಜನರನ್ನು ಬಲಿ ತೆಗೆದುಕೊಂಡಿತು. ಮಕ್ಕಳೂ ಇದ್ದರು. ಶನಿವಾರ, ಬೇಸಿಗೆ ರಜೆ, ಒಳಗೆ ಜನ ತುಂಬಿದ್ದರು. ಹಾಗಿದ್ದೂ ವೆಲ್ಡಿಂಗ್ ನಡೆಯುತ್ತಿತ್ತು. ಒಳಗೆ ಇಂಧನವನ್ನೂ ಇಟ್ಟಿದ್ದರು. ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಇರಲಿಲ್ಲ.

ವೆಲ್ಡಿಂಗ್ ಕಿಡಿ ಹತ್ತು ಮೀಟರ್ ತನಕ ಹಾರಬಲ್ಲದು. ನೆಲದ ಸಂದಿಯಿಂದ ಕೆಳಗಿನ ಮಹಡಿಗೂ ಇಳಿಯಬಲ್ಲದು. ಕೆಲಸದ ಹೊತ್ತಿನಲ್ಲಿ ಗಿರಾಕಿಗಳು ಬೇಡ. ಸುತ್ತಲಿನ ಸರಕು ಸರಿಸಿ, ಸರಿಸಲಾಗದ್ದಕ್ಕೆ ಬೆಂಕಿ ತಡೆಯುವ ಹೊದಿಕೆ ಹಾಕಿ. ಒಬ್ಬ ಬರೀ ಕಿಡಿ ನೋಡುತ್ತಾ ನಿಂತಿರಲಿ. ವೆಲ್ಡರ್ ಸಾಮಾನು ಕಟ್ಟಿಕೊಂಡು ಹೋದ ಮೇಲೂ ಆ ಮನುಷ್ಯ ಒಂದು ಗಂಟೆ ಅಲ್ಲೇ ಇರಬೇಕು. ಫೋಮಿನೊಳಗೆ ಬಿದ್ದ ಕಿಡಿ ತಕ್ಷಣ ಉರಿಯುವುದಿಲ್ಲ, ಒಳಗೊಳಗೇ ಬೇಯುತ್ತಿರುತ್ತದೆ.

ಸ್ಟಾಫಿನ ಎಲೆಕ್ಟ್ರಿಕ್ ಸ್ಕೂಟರ್ ಬೇಸ್‌ಮೆಂಟಲ್ಲಿ ಚಾರ್ಜ್ ಮಾಡಿಸಬಹುದಾ?

ಮೆಟ್ಟಿಲ ಬಾಯಲ್ಲಿ, ಜನ ಹೊರಗೆ ಹೋಗುವ ದಾರಿಯಲ್ಲಿ ಮಾತ್ರ ಬೇಡ. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್, ಮೇಲೆ ಲಾಡ್ಜ್ ಇದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಸತ್ತ 8 ಜನ ಲಾಡ್ಜಿನಲ್ಲಿದ್ದವರು. ಹೊಗೆ ಮೆಟ್ಟಿಲಿನಿಂದ ಮೇಲೆ ಬಂದಿತ್ತು. 2024ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನ ರಾಜಕುಮಾರ್ ರಸ್ತೆಯ ಸ್ಕೂಟರ್ ಶೋರೂಮಿನಲ್ಲಿ ಅಲ್ಲೇ ಕೆಲಸಕ್ಕಿದ್ದ 20 ವರ್ಷದ ಹುಡುಗಿ ತೀರಿಕೊಂಡಳು.

ಲಿಥಿಯಂ ಬ್ಯಾಟರಿಯ ಒಂದು ಸೆಲ್ ಕೆಟ್ಟು ಬಿಸಿಯಾದರೆ ಪಕ್ಕದ ಸೆಲ್ಲನ್ನೂ ಬಿಸಿ ಮಾಡುತ್ತದೆ, ಅದು ಇನ್ನೊಂದನ್ನು. ಈ ಸರಪಳಿ ಶುರುವಾದರೆ ನಿಲ್ಲಿಸುವುದು ಕಷ್ಟ. ಆರಿದಂತೆ ಕಂಡು ಮತ್ತೆ ಹೊತ್ತಿಕೊಳ್ಳುತ್ತದೆ. ಕಂಪನಿ ಕೊಟ್ಟ ಚಾರ್ಜರನ್ನೇ ಬಳಸಿ. ಬಿದ್ದ, ಉಬ್ಬಿದ, ನೀರಿನಲ್ಲಿ ನೆಂದ ಬ್ಯಾಟರಿಗೆ ಚಾರ್ಜ್ ಹಾಕಬೇಡಿ. ಹೊರಗಡೆ ಶೀಟಿನ ಕೆಳಗೆ ಜಾಗವಿದ್ದರೆ ಅದೇ ಒಳ್ಳೆಯದು.

ದೀಪಾವಳಿಗೆ ಹದಿನೈದು ದಿನ ಪಟಾಕಿ ಸ್ಟಾಕ್ ಇಡ್ತೀವಿ. ಹುಷಾರಾಗಿದ್ರೆ ಆಯ್ತಲ್ವಾ?

ಲೈಸೆನ್ಸ್ ಇಲ್ಲದ ಜಾಗದಲ್ಲಿ ಒಂದು ಡಬ್ಬವೂ ಬೇಡ. ಲೈಸೆನ್ಸ್ ಇದ್ದರೂ ಅದರಲ್ಲಿ ಬರೆದಿರುವ ತೂಕ ಮೀರಬೇಡಿ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯಲ್ಲಿ ಲಾರಿಯಿಂದ ಪಟಾಕಿ ಇಳಿಸುತ್ತಿದ್ದಾಗ ಬೆಂಕಿ ಹತ್ತಿ 14ಕ್ಕೂ ಹೆಚ್ಚು ಜನ ಸತ್ತರು. ಹಲವರು ಹಬ್ಬದ ಖರ್ಚಿಗೆ ದುಡಿಯಲು ತಮಿಳುನಾಡಿನಿಂದ ಬಂದಿದ್ದ ಹುಡುಗರು. ಈ ಪ್ರಶ್ನೆಗೆ ನನಗೆ ಹೇಳಲು ಬೇರೇನೂ ಇಲ್ಲ.

## ಕಟ್ಟಡ ಮತ್ತು ಜನ

ಬೆಂಕಿ ಒಂದು ಮೂಲೇಲಿ ಇದ್ರೂ ಅಷ್ಟೊಂದು ಜನ ಸಾಯೋದು ಯಾಕೆ?

ಹೊಗೆಯಿಂದ. ಉರಿ ಮುಟ್ಟುವ ಮೊದಲೇ ಹೊಗೆ ಮುಟ್ಟುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಫೋಮ್, ಪ್ಲಾಸ್ಟಿಕ್ ಸುಟ್ಟರೆ ಸಯನೈಡ್ ಅನಿಲವೂ ಸೇರುತ್ತದೆ. ಕೆಲವು ಉಸಿರಿಗೇ ತಲೆ ತಿರುಗಿ ಕಾಲು ಸೋಲುತ್ತದೆ.

2010ರ ಫೆಬ್ರವರಿ 23ರಂದು ಹಳೆ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಆದದ್ದು ಇದೇ. ಬೆಂಕಿ ಹತ್ತಿದ್ದು ಕರೆಂಟಿನ ಕೇಬಲ್‌ಗಳು ಹಾಯುವ ಡಕ್ಟಿನಲ್ಲಿ. ಆ ಡಕ್ಟು ಕೆಳಗಿನಿಂದ ಮೇಲಿನ ತನಕ ಒಂದು ಹೊಗೆಗೂಡಿನ ಹಾಗೆ ಕೆಲಸ ಮಾಡಿತು. ಮೇಲಿನ ಮಹಡಿಗಳಲ್ಲಿ ಹೊಗೆ ತುಂಬಿ ಜನ ಗಾಜು ಒಡೆದರು, ಕೆಲವರು ಜಿಗಿದರು. 9 ಜನ ಹೋದರು. ಕಳೆದುಕೊಂಡವರೇ ಮುಂದೆ ನಿಂತು ‘ಬಿಯಾಂಡ್ ಕಾರ್ಲ್‌ಟನ್’ ಅಂತ ಸಂಘಟನೆ ಕಟ್ಟಿಕೊಂಡು ಬೆಂಕಿ ಸುರಕ್ಷತೆಯ ಬಗ್ಗೆ ಇವತ್ತಿಗೂ ಮಾತಾಡುತ್ತಿದ್ದಾರೆ.

ನಿಮ್ಮ ಕಟ್ಟಡದಲ್ಲಿ ಡಕ್ಟಿನ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿ. ಕೆಳಗಿನ ಮಹಡಿಯ ಬೆಳಕು ಕಂಡರೆ ಹೊಗೆಗೂ ದಾರಿ ಇದೆ ಅಂತಲೇ ಅರ್ಥ. ಪ್ರತಿ ಮಹಡಿಯಲ್ಲೂ ಆ ತೂತನ್ನು ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಿಸಬೇಕು. ಇಂಟರ್ನೆಟ್ಟಿನವರು ಹೊಸ ಕೇಬಲ್ ಎಳೆದಾಗ ಮತ್ತೆ ತೂತು ಮಾಡಿ ಹಾಗೇ ಬಿಟ್ಟು ಹೋಗುತ್ತಾರೆ. ಅದನ್ನೂ ನೋಡಿ.

ಕಳ್ಳರ ಭಯಕ್ಕೆ ಹಿಂದಿನ ಬಾಗಿಲಿಗೆ ಬೀಗ ಹಾಕ್ತೀವಿ. ಬೀಗದ ಕೈ ಸೆಕ್ಯುರಿಟಿ ಹತ್ರ ಇರುತ್ತೆ, ಸಾಕಲ್ವಾ?

ಸಾಲದು. ಹೊಗೆಯಲ್ಲಿ ಸೆಕ್ಯುರಿಟಿಯವರನ್ನು ಹುಡುಕುವುದು ಯಾರು? ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಪ್ಯಾನಿಕ್ ಬಾರ್ ಬಾಗಿಲು ಸಿಗುತ್ತದೆ. ಕಳ್ಳನೂ ಬರುವುದಿಲ್ಲ, ಜನವೂ ಸಿಕ್ಕಿಬೀಳುವುದಿಲ್ಲ. ತೆರೆದಾಗ ಅಲಾರ್ಮ್ ಹೊಡೆಯುವಂಥದ್ದೂ ಇದೆ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತದ್ದಕ್ಕೆ ಕೆಳಗಿನ ಟ್ರಾನ್ಸ್‌ಫಾರ್ಮರ್ ಒಂದೇ ಕಾರಣವಲ್ಲ. ಬಾಲ್ಕನಿಯಲ್ಲಿ ಹೆಚ್ಚು ಸೀಟು ಹಾಕಿ ಒಂದು ದಾರಿಯನ್ನೇ ಮುಚ್ಚಿದ್ದರು. 2022ರಲ್ಲಿ 27 ಜನರನ್ನು ಕಳೆದುಕೊಂಡ ದೆಹಲಿಯ ಮುಂಡ್ಕಾ ಕಟ್ಟಡದಲ್ಲಿ ಇದ್ದದ್ದು ಒಂದೇ ಮೆಟ್ಟಿಲು. ಟೆರೇಸಿನ ಬಾಗಿಲ ಬೀಗವನ್ನೂ ಇವತ್ತೇ ನೋಡಿ ಬನ್ನಿ.

ಕೆಲಸದ ಹುಡುಗ್ರು ಅಂಗಡಿಯಲ್ಲೇ ಮಲಗ್ತಾರೆ. ಕಾವಲಿಗೂ ಆಯ್ತು, ಬಾಡಿಗೆನೂ ಉಳೀತು ಅಂತ. ತಪ್ಪಾ?

ತಪ್ಪು. ಇದನ್ನು ಬಿಡಿಸಿ ಹೇಳಲೇಬೇಕು. 2018ರ ಜನವರಿ 8ರ ಬೆಳಗಿನ ಜಾವ ಬೆಂಗಳೂರಿನ ಮಾರ್ಕೆಟ್ ಹತ್ತಿರದ ಬಾರ್ ಒಂದರಲ್ಲಿ ಮಲಗಿದ್ದ 5 ಕೆಲಸಗಾರರು ಸತ್ತರು. 2019ರ ಡಿಸೆಂಬರಿನಲ್ಲಿ ದೆಹಲಿಯ ಅನಾಜ್ ಮಂಡಿಯಲ್ಲಿ 43 ಜನ, ಅವರೂ ನಿದ್ದೆಯಲ್ಲಿದ್ದ ಕೂಲಿಯವರು. 2025ರ ಆಗಸ್ಟಿನಲ್ಲಿ ನಗರ್ತಪೇಟೆಯಲ್ಲಿ ಕೆಳಗೆ ಪ್ಲಾಸ್ಟಿಕ್ ಚಾಪೆಯ ವ್ಯಾಪಾರ, ಮೇಲೆ ಮನೆ ಇದ್ದ ಕಟ್ಟಡದಲ್ಲಿ 5 ಜನ. ನಿದ್ದೆಯಲ್ಲಿ ಹೊಗೆಯ ವಾಸನೆ ಎಬ್ಬಿಸುತ್ತದೆ ಅನ್ನುವ ನಂಬಿಕೆ ಬೇಡ, ಅದು ಇನ್ನಷ್ಟು ಮಂಪರು ತರಿಸುತ್ತದೆ. ಹೊರಗಿನಿಂದ ಶಟರ್ ಹಾಕಿ ಒಳಗೆ ಜನ ಮಲಗಿಸುವುದನ್ನು ನೋಡಿದಾಗ ನಾನು ವೈರಿಂಗ್ ಮಾತು ಬಿಟ್ಟು ಮೊದಲು ಅದನ್ನೇ ಹೇಳುತ್ತೇನೆ. ಅವರಿಗೊಂದು ಕೋಣೆ ಬಾಡಿಗೆಗೆ ಹಿಡಿಯಿರಿ.

ಎನ್‌ಒಸಿ ಇದೆ ಅಂದ್ರೆ ಕಟ್ಟಡ ಸೇಫ್ ತಾನೆ?

ಕರ್ನಾಟಕದಲ್ಲಿ ಎತ್ತರದ ಕಟ್ಟಡಕ್ಕೆ ಕಟ್ಟುವ ಮೊದಲು ಅಗ್ನಿಶಾಮಕ ಇಲಾಖೆ ಎನ್‌ಒಸಿ ಕೊಡುತ್ತದೆ. ಕಟ್ಟಿ ಮುಗಿದ ಮೇಲೆ ಬಂದು ನೋಡಿ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೊಡುತ್ತದೆ. ಎನ್‌ಒಸಿ ಅಂದರೆ ನಕ್ಷೆಗೆ ಒಪ್ಪಿಗೆ. ಆಮೇಲೆ ಪಾರ್ಕಿಂಗ್ ಜಾಗ ಗೋಡೌನ್ ಆದರೆ, ಟೆರೇಸಿನಲ್ಲಿ ಶೀಟು ಹಾಕಿ ಕೆಫೆ ತೆರೆದರೆ, ಆ ಕಾಗದ ಹೇಳುವ ಕಟ್ಟಡವೇ ಅಲ್ಲಿಲ್ಲ. ಎರಡು ಮೂರು ಮಹಡಿಯ ಅಂಗಡಿಗಳು ಇದರ ಲೆಕ್ಕಕ್ಕೇ ಬರುವುದಿಲ್ಲ. ಪೇಟೆಯ ಬಹುಪಾಲು ಕಟ್ಟಡ ಅಂಥದ್ದೇ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೇ ಭಾಗ ಪೂರ್ತಿ ಬೆಂಕಿ ಸುರಕ್ಷತೆಯದ್ದು. ನಿಮ್ಮ ಎಂಜಿನಿಯರ್ ಹತ್ತಿರ ಕೂತು ಅದನ್ನು ನಿಮ್ಮ ಕಟ್ಟಡಕ್ಕೆ ಹೊಂದಿಸಿ ನೋಡಿ.

## ಸ್ವಲ್ಪ ತಾಂತ್ರಿಕ

ಸ್ಪ್ರಿಂಕ್ಲರ್ ಹಾಕ್ಸಿದ್ರೆ ಚಿಕ್ಕ ಹೊಗೆಗೂ ಎಲ್ಲಾ ಕಡೆ ನೀರು ಸುರಿದು ಸ್ಟಾಕ್ ಹಾಳಾಗಲ್ವಾ?

ಸಿನಿಮಾದಲ್ಲಿ ಹಾಗೆ ತೋರಿಸುತ್ತಾರೆ. ನಿಜವಾಗಿ ಪ್ರತಿ ಸ್ಪ್ರಿಂಕ್ಲರ್ ತಲೆಯಲ್ಲೂ ಒಂದು ಚಿಕ್ಕ ಗಾಜಿನ ಬಲ್ಬ್ ಇರುತ್ತದೆ. ಕೆಂಪು ಬಲ್ಬಾದರೆ 68 ಡಿಗ್ರಿಗೆ ಒಡೆಯುತ್ತದೆ. ಹೊಗೆಗೆ ಅದು ಒಡೆಯುವುದಿಲ್ಲ, ಬಿಸಿಗೆ ಮಾತ್ರ. ಬೆಂಕಿಯ ಮೇಲಿರುವ ತಲೆ ಒಡೆದರೆ ನೀರು ಅಲ್ಲಿ ಮಾತ್ರ ಸುರಿಯುತ್ತದೆ. ಅದರ ಮುಂದೆ ಸರಕು ಅಡ್ಡ ಜೋಡಿಸಬೇಡಿ, ಬಣ್ಣ ಹೊಡೆಯಬೇಡಿ.

ಗೋಡೆ ಮೇಲಿನ ಕೆಂಪು ಸಿಲಿಂಡರ್ ಕೆಲಸ ಮಾಡುತ್ತಾ ಅಂತ ತಿಳಿಯೋದು ಹೇಗೆ?

ಪೌಡರ್ ಸಿಲಿಂಡರಿನ ಮುಳ್ಳು ಹಸಿರಿನಲ್ಲಿರಬೇಕು. ಸಿಒ2 ಸಿಲಿಂಡರಿಗೆ ಮುಳ್ಳಿರುವುದಿಲ್ಲ, ತೂಕ ಹಾಕಿಸಿಯೇ ನೋಡಬೇಕು. ಪಿನ್ ಎಳೆದು, ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಆಚೆ ಈಚೆ ಬೀಸಿ. ಸುಮಾರು ಇಪ್ಪತ್ತು ಸೆಕೆಂಡಿನಲ್ಲಿ ಖಾಲಿ. ಅಷ್ಟರಲ್ಲಿ ಆರದಿದ್ದರೆ ಹೊರಗೆ ಬನ್ನಿ. ಬಾಗಿಲು ಯಾವಾಗಲೂ ನಿಮ್ಮ ಬೆನ್ನಿಗಿರಲಿ.

ಲೋಡ್ ಮೂರು ಫೇಸಿಗೂ ಸರಿಯಾಗಿ ಹಂಚಿದೀವಿ, ಆದ್ರೂ ನ್ಯೂಟ್ರಲ್ ವೈರ್ ಬಿಸಿ ಬರ್ತಿದೆ. ಯಾಕೆ?

ಒಳ್ಳೆಯ ಪ್ರಶ್ನೆ, ಆಫೀಸುಗಳಲ್ಲಿ ಈಚೆಗೆ ಜಾಸ್ತಿ ಬರುತ್ತಿದೆ. ಮೂರು ಫೇಸೂ ಸಮ ಇದ್ದರೆ ನ್ಯೂಟ್ರಲ್ಲಿನಲ್ಲಿ ಕರೆಂಟು ಒಂದನ್ನೊಂದು ಕಳೆದುಕೊಳ್ಳಬೇಕು ಅಂತ ನಾವು ಓದಿದ್ದು ಫ್ಯಾನು, ಹೀಟರು, ಹಳೆ ಬಲ್ಬಿನ ಕಾಲಕ್ಕೆ ಸರಿ. ಕಂಪ್ಯೂಟರ್, ಯುಪಿಎಸ್, ಎಲ್‌ಇಡಿ ಡ್ರೈವರುಗಳು ಕರೆಂಟನ್ನು ತುಂಡು ತುಂಡಾಗಿ ಎಳೆಯುತ್ತವೆ. ಅದರಿಂದ ಹುಟ್ಟುವ ಮೂರನೇ ಹಾರ್ಮೋನಿಕ್ (ಮಾಮೂಲಿಗಿಂತ ಮೂರು ಪಟ್ಟು ವೇಗದಲ್ಲಿ ಏರಿಳಿಯುವ ಕರೆಂಟು) ಮೂರು ಫೇಸಿನಿಂದಲೂ ಬಂದು ನ್ಯೂಟ್ರಲ್ಲಿನಲ್ಲಿ ಕೂಡಿಕೊಳ್ಳುತ್ತದೆ. ಕೆಲವು ಕಡೆ ಫೇಸಿಗಿಂತ ನ್ಯೂಟ್ರಲ್ಲಿನಲ್ಲೇ ಕರೆಂಟು ಜಾಸ್ತಿ. ಹಳೆ ಕಟ್ಟಡಗಳಲ್ಲಿ ನ್ಯೂಟ್ರಲ್ ತಂತಿ ಫೇಸಿಗಿಂತ ತೆಳ್ಳಗಿರುವುದೂ ಉಂಟು. ಅದಕ್ಕೆ ಎಂಸಿಬಿಯ ಕಾವಲೂ ಇರುವುದಿಲ್ಲ. ಕ್ಲ್ಯಾಂಪ್ ಮೀಟರನ್ನು ನ್ಯೂಟ್ರಲ್ಲಿಗೂ ಹಾಕಿ ಅಳೆಯಲು ಹೇಳಿ. ಇಂಥ ತುಂಡು ಕರೆಂಟನ್ನೂ ಸರಿಯಾಗಿ ಅಳೆಯುವ ಟ್ರೂ ಆರ್‌ಎಂಎಸ್ ಮೀಟರೇ ಬೇಕು, ಸಾಮಾನ್ಯದ್ದು ಕಡಿಮೆ ತೋರಿಸುತ್ತದೆ. ವರ್ಷಕ್ಕೊಮ್ಮೆ ಪೂರ್ತಿ ಲೋಡ್ ಇರುವಾಗ ಪ್ಯಾನೆಲ್ಲಿಗೆ ಥರ್ಮಲ್ ಕ್ಯಾಮೆರಾ ಹಿಡಿಸಿದರೆ ಬಿಸಿಯಾದ ಸ್ಕ್ರೂಗಳು ಬಿಳಿ ಚುಕ್ಕೆಯಾಗಿ ಕಾಣುತ್ತವೆ.

ಮುಚ್ಚಿದ ಅಂಗಡಿಯಿಂದ ಹೊಗೆ ಬರ್ತಿದೆ. ಶಟರ್ ಎತ್ತಿ ನೀರು ಹಾಕೋದಾ?

ಎತ್ತಬೇಡಿ. ಒಳಗೆ ಗಾಳಿ ಮುಗಿದು ಬೆಂಕಿ ಕುಗ್ಗಿರುತ್ತದೆ, ಬಿಸಿ ಹಾಗೇ ಇರುತ್ತದೆ. ಶಟರ್ ಎತ್ತಿದ ತಕ್ಷಣ ಗಾಳಿ ನುಗ್ಗಿ ಬೆಂಕಿ ಸ್ಫೋಟದಂತೆ ಹೊರಗೆ ಬರುತ್ತದೆ, ಎದುರು ನಿಂತವರ ಮೈಮೇಲೇ. ಕಟ್ಟಡದ ಮೇನ್ ಸ್ವಿಚ್ ಹೊರಗಡೆ ಸುರಕ್ಷಿತವಾಗಿ ಸಿಗುವಂತಿದ್ದರೆ ಆಫ್ ಮಾಡಿ, ಮೇಲಿನ ಮಹಡಿಯಲ್ಲಿ ಜನರಿದ್ದರೆ ಕೂಗಿ ಎಬ್ಬಿಸಿ, 101 ಅಥವಾ 112ಕ್ಕೆ ಫೋನ್ ಮಾಡಿ. ವಿಳಾಸದ ಜೊತೆ ಒಳಗೆ ಏನು ಸರಕಿದೆ, ಎಷ್ಟನೇ ಮಹಡಿ, ಹತ್ತಿರದ ದೇವಸ್ಥಾನವೋ ಸರ್ಕಲ್ಲೋ ಯಾವುದು, ದೊಡ್ಡ ಗಾಡಿ ಯಾವ ಕಡೆಯಿಂದ ಬರಬಹುದು ಅಂತ ಹೇಳಿ. ಆಮೇಲೆ ಒಬ್ಬರನ್ನು ಬೀದಿಯ ತುದಿಗೆ ಕಳಿಸಿ, ಅಡ್ಡ ನಿಲ್ಲಿಸಿದ ಬೈಕುಗಳನ್ನು ತೆಗೆಸುತ್ತಿರಲಿ.